ಮೂವತ್ತೈದು ನಿಮಿಷದ ಪರಿಚಯ

ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಏಕಕಾಲಕ್ಕೆ ನಮ್ಮ ಮನೆಗೆ ಬಂದರೆ ನನ್ನ ಹೆಂಡತಿಯ ಮುಖದಲ್ಲಿ ಆತಂಕ ಕಾಣಿಸುತ್ತದೆ. ಚಹಾಪುಡಿ ಮುಗಿದಿದೆ ಎಂಬ ಆತಂಕವಲ್ಲ. ನಾನು ಅವರನ್ನು ಪರಸ್ಪರ ಪರಿಚಯ ಮಾಡಿಸಿಬಿಡುತ್ತೇನೆ ಎಂಬ ಆತಂಕ. ಹೋದ ವಾರ ನಳ ರಿಪೇರಿಯವನು ಅಡುಗೆಮನೆಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಕೂತಿದ್ದಾಗ ಎದುರುಮನೆಯ ನಿವೃತ್ತ ತಲಾಠಿಯವರು, ಅಂದರೆ ಗ್ರಾಮಲೆಕ್ಕಿಗರು, ಪೇಪರು ಕೇಳಲು ಬಂದರು. ನಾನು ಎದ್ದು ನಿಂತೆ. ನಳದವನ ಹುಟ್ಟೂರು, ಅವನ ತಂದೆ ಬಾವಿ ತೋಡುವುದರಲ್ಲಿ ಗಳಿಸಿದ ಹೆಸರು, ಅವನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲೇ ನಪಾಸಾದ ದುರದೃಷ್ಟ, ಇಷ್ಟನ್ನು ಮುಗಿಸಿ ತಲಾಠಿಯವರ ಕಡೆ ತಿರುಗುವಷ್ಟರಲ್ಲಿ ಹೆಂಡತಿ ಒಳಗಿನಿಂದ, "ನಳಾ ಹರಿಯಾಕತ್ತೈತ್ರಿ, ಅವನ್ನ ಬಿಡ್ರಿ" ಎಂದಳು. ನೀರು ಆಗಲೇ ಹೊಸ್ತಿಲ ತನಕ ಬಂದಿತ್ತು.

ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ನೌಕರಿಯಿಂದ ಬಂದದ್ದು. ಎಂಬತ್ತರ ದಶಕದ ನಡುವಿನಲ್ಲಿ ನಾನು ಹಾರೂಗೇರಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಸೇರಿದೆ. ಸೇರಿದ ವರ್ಷವೇ ಶಾಲೆಯ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ, ಬಂತು. ಹೆಡ್‌ಮಾಸ್ತರು ಕೆಲಸ ಹಂಚುತ್ತ ಸ್ವಾಗತವನ್ನು ಇತಿಹಾಸದವರಿಗೆ, ಹಾರವನ್ನು ಡ್ರಿಲ್ ಮಾಸ್ತರಿಗೆ, ವಂದನಾರ್ಪಣೆಯನ್ನು ವಿಜ್ಞಾನದವರಿಗೆ ಕೊಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅತಿಥಿಗಳ ಪರಿಚಯ ನೀವು ಮಾಡ್ರಿ. ನಿಮ್ಮ ದನಿ ದೊಡ್ಡದೈತಿ. ಮೈಕ್ ಕೈ ಕೊಟ್ರೂ ನಡೀತೈತಿ."

ಅಂದು ಮೈಕು ಕೈ ಕೊಟ್ಟಿತು. ನಾನು ಕೊಡಲಿಲ್ಲ. ಅತಿಥಿಗಳ ಪರಿಚಯ ಶಾಲೆಯ ಅಂಗಳ ದಾಟಿ ಬಸ್‌ಸ್ಟ್ಯಾಂಡಿನವರಿಗೂ ಆಯಿತು. ಆ ಮೇಲೆ ಸುತ್ತಲಿನ ಊರುಗಳಲ್ಲಿ ಯಾವ ಸಮಾರಂಭವಾದರೂ ಪರಿಚಯಕ್ಕೆ ನನಗೇ ಕರೆ. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಎಲ್ಲಿಗೆಂದರೆ ಅಲ್ಲಿಗೆ ಕೆಂಪು ಬಸ್ಸು ಹತ್ತಿ ಹೋಗುತ್ತಿದ್ದೆ. ನಿಪ್ಪಾಣಿಯಲ್ಲಿ ಅರ್ಧ ಸಭೆ ಮರಾಠಿಯದಾದ್ದರಿಂದ ಒಮ್ಮೆ ಕನ್ನಡದಲ್ಲಿ ಹೇಳಿದ್ದನ್ನು ಮತ್ತೊಮ್ಮೆ ಮರಾಠಿಯಲ್ಲಿ ಹೇಳುತ್ತಿದ್ದೆ. ಎರಡೂ ಭಾಷೆ ಬಲ್ಲವರು ಅಲ್ಲಿ ಬಹಳ. ಅವರು ಎರಡು ಸಲ ಆಕಳಿಸುತ್ತಿದ್ದರು.

ಪರಿಚಯಕ್ಕೆಂದು ಅತಿಥಿಗಳಿಗೆ ಮೊದಲೇ ಕಾರ್ಡು ಬರೆದು ಅವರ ವಿವರ ತರಿಸಿಕೊಳ್ಳುವುದು ನನ್ನ ಪದ್ಧತಿ. ಬಂದ ವಿವರದಲ್ಲಿ ಒಂದಕ್ಷರವನ್ನೂ ಬಿಡಬಾರದೆಂಬುದು ನನ್ನ ನಿಷ್ಠೆ. ಚಿಕ್ಕೋಡಿಯ ಒಂದು ಸಮಾರಂಭಕ್ಕೆ ಬರಬೇಕಿದ್ದ ಅಧಿಕಾರಿಯೊಬ್ಬರು ಅವಸರದಲ್ಲಿ ತಮ್ಮ ಹಳೆಯ ನೌಕರಿ ಅರ್ಜಿಯ ನಕಲನ್ನೇ ಕಳಿಸಿದ್ದರು. ನಾನು ವೇದಿಕೆಯ ಮೇಲೆ ಅವರ ಜನ್ಮದಿನಾಂಕ, ವಿದ್ಯಾಭ್ಯಾಸಗಳನ್ನು ಹೇಳಿ, ಅದೇ ಗತ್ತಿನಲ್ಲಿ ಎತ್ತರ ಐದಡಿ ನಾಲ್ಕಂಗುಲ ಎಂದು ಹೇಳಿ, ಗುರುತಿನ ಚಿಹ್ನೆಯಾಗಿ ಬಲ ತೊಡೆಯ ಮೇಲೊಂದು ಕರಿ ಮಚ್ಚೆಯಿದೆಯೆಂದೂ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ಧೋತರ ಸರಿಮಾಡಿಕೊಂಡರು. ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬಹುದಿತ್ತು. ಬರಲಿಲ್ಲ. ಅದು, ವೇದಿಕೆಯ ಮಟ್ಟಿಗಾದರೂ, ಬಂದದ್ದು ಕಾಶವ್ವನಿಂದ.

ಕಾಶವ್ವ ನಮ್ಮೂರಿನ ರೈತ ಮನೆತನದ ಸೊಸೆ. ಆಗ ನಲವತ್ತರ ಮೇಲಿನ ವಯಸ್ಸು. ಗಂಡ ಬಸ್ ಕಂಡಕ್ಟರ್, ವಾರಕ್ಕೊಮ್ಮೆ ಮನೆಗೆ ಬರುವವನು. ಹೊಲವೆಲ್ಲ ಇವಳ ಕೈಯಲ್ಲೇ ನಡೆಯುತ್ತಿತ್ತು, ಆದರೆ ಮಾತು ನಡೆಯುತ್ತಿದ್ದದ್ದು ಮಾವನದು. ಆ ಹೊತ್ತಿಗೆ ಅಥಣಿ ಕಡೆಯ ದ್ರಾಕ್ಷಿಯ ಹುಚ್ಚು ಹೊಳೆ ದಾಟಿ ನಮ್ಮ ಕಡೆಗೂ ಹಬ್ಬಿತ್ತು. ಕಾಶವ್ವ ಮಾವನ ಜೊತೆ ಒಂದು ಬೇಸಿಗೆಯಿಡೀ ವಾದ ಮಾಡಿ ಎಕರೆಯಷ್ಟು ಕಬ್ಬು ತೆಗೆಸಿ ಬಳ್ಳಿ ಹಚ್ಚಿದ್ದಳು. ಎರಡು ವರ್ಷ ಬಳ್ಳಿ ಚಪ್ಪರಕ್ಕೇರಿತು. ಮೂರನೆಯ ವರ್ಷ, ದೀಪಾವಳಿಯ ಮುಂಚೆ, ಕುಡಿ ಕತ್ತರಿಸಿ ಹೊಸ ಚಿಗುರು ಬರುವ ಹೊತ್ತಿಗೆ ಮೋಡ ಮುಸುಕಿ ಸಣ್ಣ ಮಳೆ ಹಿಡಿಯಿತು. ಎಲೆಯ ಮೇಲೆ ಎಣ್ಣೆ ಸಿಡಿದಂಥ ಹಳದಿ ಕಲೆ, ಕೆಳಗೆ ಬಿಳಿ ಬೂಜು. ಅವಳ ತೋಟವಷ್ಟೇ ಅಲ್ಲ, ಊರಿನ ನಾಲ್ಕಾರು ತೋಟಗಳಿಗೂ ಬಂತು. ಯಾರಿಗೂ ಈ ಬೆಳೆ ಹೊಸದು. ಮದ್ದು ಗೊತ್ತಿದ್ದವರಿಲ್ಲ. ಮಾವ, "ವಾರದಾಗ ಬಳ್ಳಿ ಕಿತ್ತಸ್ತೀನಿ. ಮತ್ತ ಕಬ್ಬ ಹಚ್ಚೂಣು" ಎಂದುಬಿಟ್ಟಿದ್ದ.

ಆಗ ಊರಿನವರು ಸೇರಿ ಧಾರವಾಡ ಕಡೆಯಿಂದ ಒಬ್ಬ ತೋಟಗಾರಿಕೆ ವಿಜ್ಞಾನಿಯನ್ನು ಕರೆಸಿದರು. ಡಾಕ್ಟರ್ ಇನಾಮದಾರ ಎಂದು ಅವರ ಹೆಸರು. ಮರುದಿನ ಪುಣೆಯಲ್ಲಿ ಅವರಿಗೆ ಸಭೆ. ಹೋಗುವ ದಾರಿಯಲ್ಲಿ ನಮ್ಮೂರಲ್ಲಿಳಿದು, ಮಾತಾಡಿ, ಮಧ್ಯಾಹ್ನ ಕುಡಚಿಯಲ್ಲಿ ಮಿರಜದ ರೈಲು ಹಿಡಿಯುವುದೆಂದು ಒಪ್ಪಿಕೊಂಡಿದ್ದರು. ಊರಿನ ಸಭೆ ನಮ್ಮ ಶಾಲೆಯಲ್ಲೇ. ಪರಿಚಯ, ಹೇಳಬೇಕಿಲ್ಲ, ನನ್ನದೇ.

ಅವರ ವಿವರ ನಾಲ್ಕು ಪುಟ ಬಂದಿತ್ತು. ನನಗೆ ಅಷ್ಟು ಉದ್ದದ ವಿವರ ಅದುವರೆಗೆ ಸಿಕ್ಕಿರಲಿಲ್ಲ. ಮೂರು ದಿನ ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ಬಾಯಿಪಾಠ ಮಾಡಿದೆ.

ಅಂದು ಡಾಕ್ಟರು ಬರುವುದೇ ತಡವಾಯಿತು. ಬಂದ ಮೇಲೆ ಪ್ರಾರ್ಥನೆ ಆಯಿತು, ಸ್ವಾಗತಗೀತೆ ಆಯಿತು, ಹಾರಗಳಾದವು. ಊರಿನ ಹಿರಿಯರು ತಮ್ಮೂರಿನ ಹಿರಿಮೆ ಹೇಳಿದರು. ನಂತರ ನಾನು ಎದ್ದೆ. "ಪರಿಚಯದ ಅಗತ್ಯವೇ ಇಲ್ಲದ ವ್ಯಕ್ತಿ" ಎಂದು ಆರಂಭಿಸಿ ಅವರ ಅಜ್ಜನವರಿಂದ ಪರಿಚಯ ಶುರುಮಾಡಿದೆ. ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ಪಾಠ ಹೇಳಿದ ಗುರುಗಳ ಹೆಸರು ಬಂತು. ಕಾಲೇಜಿನ ಚಿನ್ನದ ಪದಕ ಬಂತು. ಅವರು ಬರೆದ ಇಂಗ್ಲಿಷ್ ಪ್ರಬಂಧಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದೆ. ಅವುಗಳಲ್ಲಿದ್ದ ಲ್ಯಾಟಿನ್ ಶಬ್ದಗಳನ್ನು ಹೇಳುವಾಗ ನನ್ನ ನಾಲಿಗೆಯೂ ಸಭಿಕರ ಕಿವಿಯೂ ಒಂದೇ ಸಮ ನೊಂದವು. ಡಾಕ್ಟರು ಮೂರು ಸಲ ಗಡಿಯಾರ ನೋಡಿದರು. ಹೊಗಳಿಕೆಗೆ ನಾಚಿ ತಲೆ ತಗ್ಗಿಸುತ್ತಿದ್ದಾರೆಂದು ನಾನು ತಿಳಿದೆ, ನಾಚಿಕೆಯನ್ನು ಹೋಗಲಾಡಿಸಲು ಇನ್ನಷ್ಟು ಹೊಗಳಿದೆ. ಪರಿಚಯ ಮೂವತ್ತೈದು ನಿಮಿಷವಾಯಿತೆಂದು ಆಮೇಲೆ ಡ್ರಿಲ್ ಮಾಸ್ತರು ಹೇಳಿದರು. ಅವರಿಗೆ ಸೀಟಿ ಮತ್ತು ಗಡಿಯಾರ ಎರಡೂ ಇದ್ದವು. ಅಂದು ಸೀಟಿ ಊದಲಿಲ್ಲವೆಂಬುದೇ ಅವರ ದೊಡ್ಡಗುಣ.

ಡಾಕ್ಟರು ಎದ್ದು ಮೈಕಿನ ಮುಂದೆ ಬಂದು, "ನನ್ನ ಬಗ್ಗೆ ನನಗೂ ಗೊತ್ತಿರದಿದ್ದ ಸಂಗತಿ ಹೇಳಿದ ಮಾಸ್ತರಿಗೆ ಋಣಿ ಅದೇನಿ" ಎಂದರು. ನಾನು ಉಬ್ಬಿದೆ. ಅವರು ಮುಂದುವರಿಸಿದರು. "ಆದರ ಗಾಡಿಯ ವೇಳೆ ಆತು. ಈಗ ಹೊರಡಲಿಲ್ಲ ಅಂದ್ರ ತಪ್ಪತೈತಿ. ರೋಗಕ್ಕ ಹೆದರಬ್ಯಾಡ್ರಿ. ವಿವರವಾಗಿ ಆಫೀಸಿನಿಂದ ಬರದು ಕಳಸ್ತೀನಿ." ಕೈಮುಗಿದು ಇಳಿದರು.

ಸಭೆಯಲ್ಲಿ ಗುಜುಗುಜು ಎದ್ದಿತು. ವೇದಿಕೆಯ ಮೆಟ್ಟಿಲ ಹತ್ತಿರ ಒಬ್ಬ ಅಜ್ಜಿ ಅವರನ್ನು ತಡೆದು ಮೊಣಕಾಲು ತೋರಿಸಿದಳು. ಡಾಕ್ಟರ್, ಡಾಕ್ಟರ್ ಎಂದು ನಾನು ಅಷ್ಟು ಸಲ ಹೇಳಿದ್ದರ ಫಲ ಅದು. ಅವಳನ್ನು ದಾಟಿ, ಸ್ಟೇಷನ್ನಿಗೆಂದು ಊರವರು ಗೊತ್ತುಮಾಡಿದ್ದ ಜೀಪಿನ ಹತ್ತಿರ ಅವರೂ ಬೀಳ್ಕೊಡಲು ಹೊರಟ ನಾನೂ ಬಂದಾಗ ಅಲ್ಲಿ ಕಾಶವ್ವ ನಿಂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಗಳ ಗಂಟು.

ಅವಳು ಡಾಕ್ಟರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು.

"ಮಾಸ್ತರ, ಇವರ ಅಜ್ಜನ ಹೆಸರ ಹೇಳಿದ್ರಿ. ಇವರಿಗೆ ಸಾಲಿ ಕಲಿಸಿದವರ ಹೆಸರ ಹೇಳಿದ್ರಿ. ನಮ್ಮ ಬಳ್ಳಿಗಿ ಏನ ಹೊಡೀಬೇಕು, ಅದೊಂದ ಹೇಳಲಿಲ್ಲ."

ಅವಳು ದನಿ ಏರಿಸಿರಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು, ನಾನೂ ಏನಾದರೂ ಅನ್ನಬಹುದಿತ್ತು. ಅವಳ ಹಿಂದೆ ನಿಂತಿದ್ದ ನಾಲ್ಕಾರು ರೈತರು ನನ್ನನ್ನೇ ನೋಡುತ್ತಿದ್ದರು. ಒಬ್ಬ ಮುದುಕ ಮೂರು ಹರದಾರಿ ನಡೆದು ಬಂದಿದ್ದ. ಅವನ ಕಾಲಿಗೆ ಮೊಣಕಾಲ ತನಕ ಕೆಸರಿತ್ತು. ಆ ಕೆಸರನ್ನು ನೋಡಿ ನನಗೆ ನನ್ನ ನಾಲ್ಕು ಪುಟಗಳು ನೆನಪಾದವು. ಅಷ್ಟು ನಾಚಿಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಬರದು ಕಳಸ್ತೀನಿ ಅಂದೀನವ್ವಾ" ಎಂದರು ಡಾಕ್ಟರು.

"ನಿಮ್ಮ ಕಾಗದ ಬರೂದರಾಗ ನಮ್ಮ ಮಾವ ಬಳ್ಳಿ ಕಿತ್ತಿರ್ತಾನ್ರಿ" ಎಂದ ಕಾಶವ್ವ ಜೀಪಿನ ಹಿಂದಿನ ಸೀಟು ಹತ್ತಿ ಕೂತಳು. ಗಂಟು ತೊಡೆಯ ಮೇಲಿಟ್ಟುಕೊಂಡು, "ಮಾಸ್ತರ, ನೀವೂ ಹತ್ರಿ. ಹೊತ್ತ ಕಳದಾವ್ರು ನೀವು, ಬರದ ತಗೊಳ್ಳಾವ್ರೂ ನೀವ ಆಗ್ರಿ" ಎಂದಳು.

ನಾನು ಹತ್ತಿದೆ.

ಜೀಪಿನಲ್ಲಿ ಮಾತು ಸಾಧ್ಯವಾಗಲಿಲ್ಲ. ಕುಡಚಿಯ ದಾರಿ ಆ ಮಳೆಗೆ ಕೆಟ್ಟುಹೋಗಿತ್ತು, ಜೀಪು ಮಾಡುತ್ತಿದ್ದ ಸದ್ದಿನಲ್ಲಿ ನನ್ನ ದೊಡ್ಡ ದನಿಯೂ ಕೇಳಿಸುವಂತಿರಲಿಲ್ಲ. ಡಾಕ್ಟರು ಒಂದು ಸಲ ಬಾಯಿ ತೆರೆದರು, ಗುಂಡಿ ಬಂತು, ನಾಲಿಗೆ ಕಚ್ಚಿಕೊಂಡು ಸುಮ್ಮನಾದರು. ಸ್ಟೇಷನ್ ಮುಟ್ಟುವುದಕ್ಕೂ ಗಾಡಿ ಬರುವುದಕ್ಕೂ ಸರಿಹೋಯಿತು. ಡಾಕ್ಟರು ಹತ್ತಿದರು. ಅವರ ಹಿಂದೆ ಕಾಶವ್ವ ಹತ್ತಿದಳು. ಒಬ್ಬ ಹೆಣ್ಣುಮಗಳನ್ನು ಗುರುತಿಲ್ಲದ ಊರಿಗೆ ಒಬ್ಬಳನ್ನೇ ಕಳಿಸಿ ಅವಳ ಗಂಡನಿಗೆ ಏನು ಹೇಳುವುದೆಂದು ನಾನೂ ಹತ್ತಿದೆ. ಡಾಕ್ಟರ ಟಿಕೆಟ್ ಮೊದಲೇ ತೆಗೆದದ್ದಿತ್ತು, ನಮ್ಮಿಬ್ಬರಿಗೆ ತೆಗೆಯಲು ಪುರುಸೊತ್ತಿರಲಿಲ್ಲ.

ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಡಾಕ್ಟರು ಕೂತು, ಬೆವರೊರೆಸಿ, ನಗುತ್ತ, "ಹಂಗಾರ ಸಭಾ ಇಲ್ಲೇ ನಡೀಲಿ. ತೋರಸವ್ವಾ ಎಲಿ" ಎಂದರು. ಕಾಶವ್ವ ಗಂಟು ಬಿಚ್ಚಿದಳು. ಅವರು ಒಂದೊಂದೇ ಎಲೆ ಎತ್ತಿ ಬೆಳಕಿಗೆ ಹಿಡಿದು, ತಿರುವಿ, ಬೆರಳಿನಿಂದ ಬೂಜು ಮುಟ್ಟಿದರು.

"ಏನ ಹೊಡದೀರಿ?"

"ಮೋರಚೂದ, ಸುಣ್ಣ ಕೂಡಿಸಿ ಹೊಡದೇವ್ರಿ. ಅಥಣಿಯಾಗ ಹಂಗ ಮಾಡ್ತಾರಂತ ಕೇಳಿದ್ವಿ." ಮೋರಚೂದವೆಂದರೆ ಮೈಲುತುತ್ತ.

"ಔಷಧ ಬರೋಬರಿ ಐತಿ. ಯಾವುದರಾಗ ಕಲಸಿದ್ರಿ?"

"ಡ್ರಮ್ಮಿನಾಗ್ರಿ. ಕಬ್ಬಣದ ಡ್ರಮ್."

ಡಾಕ್ಟರು ಎಲೆ ಕೆಳಗಿಟ್ಟರು. "ಅಲ್ಲೇ ತಪ್ಪೈತಿ ನೋಡವ್ವಾ. ಕಬ್ಬಣ ಅದರ ಸತ್ವಾನ ತಿಂದ ಬಿಡತೈತಿ. ಮಣ್ಣಿನ ಬಾನಿ ತಗೋ, ಇಲ್ಲಾ ಪ್ಲಾಸ್ಟಿಕ್ ಬಕೆಟ್. ಎರಡನ್ನೂ ಬ್ಯಾರೆ ಬ್ಯಾರೆ ಕರಗಸು, ಆಮ್ಯಾಲ ಮೋರಚೂದದ ನೀರ ಸುಣ್ಣದ ನೀರಿನಾಗ ಸಾವಕಾಶ ಸುರುವು. ಕುಡಗೋಲ ಅದ್ದಿ ನೋಡು. ತುದಿ ಕೆಂಪಗಾತು ಅಂದ್ರ ಸುಣ್ಣ ಕಡಿಮಿ ಬಿದ್ದೈತಿ ಅಂತ ತಿಳಿ, ಇನ್ನಷ್ಟ ಹಾಕು. ಮತ್ತ ಎಲಿ ಮ್ಯಾಲ ಹೊಡದರ ಆಗೂದಿಲ್ಲ. ರೋಗ ಅಡಿಯಾಗ ಕುಂತೈತಿ. ಕೆಳಗಿಂದ ಹೊಡಿಬೇಕು."

ನಾನು ನಾಲ್ಕು ಪುಟಗಳ ಪರಿಚಯವನ್ನು ಜೇಬಿನಿಂದ ತೆಗೆದು ಅದರ ಬೆನ್ನಿಗೆ ಇದೆಲ್ಲವನ್ನೂ ಬರೆದುಕೊಂಡೆ. ಕಾಶವ್ವ ಬರೆಯುವುದನ್ನೇ ನೋಡುತ್ತ, "ಕುಡಗೋಲ ಬರದ್ರಿ?" ಎಂದು ಎರಡು ಸಲ ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ, ನನ್ನ ಮೇಲೆ ನಂಬಿಕೆಯೂ ಇರಲಿಲ್ಲ.

ಗಾಡಿ ಕೃಷ್ಣೆಯ ಸೇತುವೆಗೆ ಬಂದಾಗ ಸದ್ದಿಗೆ ಪಾಠ ನಿಂತಿತು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಕಾಶವ್ವ ಸೆರಗಿನಿಂದ ಎಲೆಗಳನ್ನು ಗಾಳಿಗೆ ಹಾರದಂತೆ ಮುಚ್ಚಿಕೊಂಡು ಕೂತಳು. ಸೇತುವೆ ದಾಟಿ ಉಗಾರದಲ್ಲಿ ಗಾಡಿ ನಿಂತಾಗ ಹತ್ತಾರು ಜನ ಹತ್ತಿದರು. ರೈಲಿನಲ್ಲಿ ಯಾರಾದರೂ ಎಲೆ ಹಿಡಿದು ಮಾತಾಡುತ್ತಿದ್ದರೆ ಸುತ್ತ ಜನ ಸೇರದೆ ಇರುತ್ತಾರೆಯೇ. ದಪ್ಪ ಮೀಸೆಯ ಒಬ್ಬ ರೈತ ಕತ್ತು ಚಾಚಿ, "ಯಾರ್ರಿ ಇವರು?" ಎಂದು ಕೇಳಿದ.

ನನಗೆ ತಡೆಯಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು ಅರ್ಧ ಎದ್ದೆ.

"ಮಾಸ್ತರ, ನೀವು ಕುಂದರ್ರಿ" ಎಂದಳು ಕಾಶವ್ವ. ಆ ರೈತನ ಕಡೆ ತಿರುಗಿ, "ದ್ರಾಕ್ಷಿ ಡಾಕ್ಟರು. ಕೇಳೂದಿದ್ರ ಕೇಳ್ರಿ, ಮಿರಜಿಗಿ ಇಳಿತಾರ" ಎಂದಳು.

ಅವನು ಗಂಟು ಮೂಟೆ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತ. ಮೂವತ್ತೈದು ನಿಮಿಷದಲ್ಲಿ ನಾನು ಮಾಡಲಾಗದ್ದು ಅವಳ ಎರಡು ಮಾತಿನಲ್ಲಿ ಆಗಿತ್ತು. ಇವರು ಯಾರು, ಇವರಿಂದ ನಮಗೇನು ಸಿಗುತ್ತದೆ, ಎಷ್ಟು ಹೊತ್ತು ಇರುತ್ತಾರೆ. ಕೇಳುವವನಿಗೆ ಬೇಕಾದದ್ದು ಇಷ್ಟೇ. ಡಾಕ್ಟರ ಅಜ್ಜನವರು ಎಂಥ ಸಜ್ಜನರಾದರೂ ಆ ಡಬ್ಬಿಯಲ್ಲಿ ಅವರಿಗೆ ಜಾಗವಿರಲಿಲ್ಲ.

ಶೇಡಬಾಳ ದಾಟುವಷ್ಟರಲ್ಲಿ ಡಬ್ಬಿಯ ಅರ್ಧ ಜನ ನಮ್ಮ ಸುತ್ತಲೇ ಇದ್ದರು. ಡಾಕ್ಟರಿಗೂ ಹುರುಪು ಬಂದಿತ್ತು. ಬಾಗಿಲ ಹತ್ತಿರದವರಿಗೂ ಕೇಳಲೆಂದು ನಿಂತೇ ಮಾತಾಡುತ್ತಿದ್ದರು. ಆ ಗುಂಪಿನಲ್ಲಿ ಕರಿ ಕೋಟಿನ ಟಿ.ಸಿ.ಯೂ ಬಂದು ನಿಂತಿದ್ದನ್ನು ನಾನು ತಡವಾಗಿ ನೋಡಿದೆ. ನಮ್ಮಿಬ್ಬರ ಹತ್ತಿರ ಟಿಕೆಟ್ ಇರಲಿಲ್ಲ. ಆದರೆ ಅವನು ನಮ್ಮ ಕಡೆ ನೋಡಲೇ ಇಲ್ಲ.

"ಸಾಹೇಬ, ಭುರೀಲಾ ಕಾಯ ಮಾರಾಯಚಂ?" ಎಂದು ಮರಾಠಿಯಲ್ಲಿ ಕೇಳಿದ. ಬೂದಿ ರೋಗಕ್ಕೆ ಏನು ಹೊಡೆಯಬೇಕೆಂದು ಅವನ ಪ್ರಶ್ನೆ. ಸಾಂಗಲಿ ಕಡೆ ಅವನದೂ ಒಂದು ದ್ರಾಕ್ಷಿ ತೋಟವಿತ್ತಂತೆ. ಡಾಕ್ಟರು ಮರಾಠಿಯಲ್ಲೇ ಗಂಧಕದ ಪುಡಿಯ ವಿಷಯ ವಿವರವಾಗಿ ಹೇಳಿದರು. ಅವನು ತನ್ನ ರಶೀದಿ ಪುಸ್ತಕದ ಬೆನ್ನಿಗೆ ಅದನ್ನೆಲ್ಲ ಬರೆದುಕೊಂಡ, ಬಹಳ ಉಪಕಾರವಾಯಿತೆಂದು ಕೈಮುಗಿದ, ಆಮೇಲೆ ಅದೇ ಪುಸ್ತಕ ತೆರೆದು ಕಾಶವ್ವನಿಗೂ ನನಗೂ ದಂಡದ ರಶೀದಿ ಹರಿದು ಕೊಟ್ಟ. ನಾನು ಅವನಿಗೆ ನಮ್ಮ ಪರಿಚಯ ಹೇಳಿಕೊಳ್ಳಲು ಹೋದೆ. ಕಾಶವ್ವ ಸೆರಗಿನ ಗಂಟು ಬಿಚ್ಚುತ್ತ, "ಇಬ್ಬರದೂ ನಾ ಕೊಡ್ತೀನಿ. ನೀವು ಮಾತ್ರ ಮಾತಾಡಬ್ಯಾಡ್ರಿ" ಎಂದಳು.

ಮಿರಜದಲ್ಲಿ ಡಾಕ್ಟರು ಇಳಿದು ಪುಣೆಯ ಗಾಡಿಯ ಕಡೆ ನಡೆದರು. ಹೋಗುವ ಮುಂಚೆ ನನ್ನ ಭುಜದ ಮೇಲೆ ಕೈಯಿಟ್ಟು, "ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ. ಸಭಾದಾಗ ಮಾತಾಡಿದ್ರ ಇಷ್ಟ ಮಂದಿ ಕೇಳ್ತಿದ್ದಿಲ್ಲ" ಎಂದರು. ಅದು ಅವರ ಸೌಜನ್ಯ. ನಾವಿಬ್ಬರೂ ಸ್ಟೇಷನ್ನಿನ ಹೊರಗೆ ಬಟಾಟೆವಡೆ ತಿಂದು, ನಮ್ಮ ಕಡೆಯ ಬಸ್ಸು ಹಿಡಿದು, ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು. ದಾರಿಯುದ್ದಕ್ಕೂ ಕಾಶವ್ವ ನನ್ನಿಂದ ಆ ಟಿಪ್ಪಣಿಯನ್ನು ಓದಿಸಿ ಓದಿಸಿ ಬಾಯಿಪಾಠ ಮಾಡಿದಳು. ಮರುದಿನ ಮುಂಜಾನೆ ತೋಟಗಳಿರುವ ಮನೆ ಮನೆಗೂ ಹೋಗಿ ನಾನೇ ಅದನ್ನು ಓದಿ ಹೇಳಿಬಂದೆ. ಯಾರ ಮನೆಯಲ್ಲೂ ಪೀಠಿಕೆ ಹಾಕಲಿಲ್ಲ.

ಫೆಬ್ರವರಿಯಲ್ಲಿ ಡಾಕ್ಟರು ಮತ್ತೆ ನಮ್ಮೂರಿಗೆ ಬಂದರು. ಈ ಸಲ ಊರಿನವರೇ ಹಟ ಹಿಡಿದು ಕರೆಸಿದ್ದರು. ಹೆಡ್‌ಮಾಸ್ತರು ಕೆಲಸ ಹಂಚುತ್ತ ಪರಿಚಯದ ಹತ್ತಿರ ಬಂದು ತಡವರಿಸಿದರು. ಅವರಿಗೆ ತೊಂದರೆಯಾಗಬಾರದೆಂದು ನಾನೇ, "ಕಾಶವ್ವ ಮಾಡಲಿ" ಎಂದೆ.

ಕಾಶವ್ವ ಒಪ್ಪಲಿಲ್ಲ. "ನಾ ಸಾಲಿ ಕಲತಾಕಿ ಅಲ್ರಿ. ಮೈಕ್ ಮುಂದ ನಿಂತ ಏನ ಮಾತಾಡ್ಲಿ?"

ಅವಳಿಗೆ ಸಹಾಯವಾಗಲೆಂದು ಒಂದೇ ಪುಟದ ಪರಿಚಯ ಬರೆದು ಓದಿ ತೋರಿಸಿದೆ. ಒಂದೇ ಪುಟಕ್ಕೆ ಇಳಿಸಿದ್ದಕ್ಕೆ ನನಗೆ ನನ್ನ ಮೇಲೆ ಅಭಿಮಾನವೂ ಆಗಿತ್ತು. ಅವಳು ಪೂರ್ತಿ ಕೇಳಿ, "ಇದರಾಗ ಡಾಕ್ಟರ್ ಎಲ್ಲಿ ಅದಾರ್ರಿ? ಬರೇ ಮಾತ ಅದಾವ" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಬಿಡ್ರಿ, ನಾನ ಹೇಳ್ತೀನಿ" ಎಂದಳು.

ಸಭೆಯ ದಿನ ಅವಳ ಮಾವನೂ ಬಂದಿದ್ದ. ಎಂಬತ್ತು ದಾಟಿದ ಮುದುಕ, ಕಿವಿ ಮಂದ. ತೋಟದ ಮನೆ ಬಿಟ್ಟು ಊರೊಳಗೆ ಕಾಲಿಡದೆ ವರ್ಷಗಳಾಗಿದ್ದವು. ಅವನನ್ನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಕಾಶವ್ವ ಒಂದು ಬುಟ್ಟಿ ದ್ರಾಕ್ಷಿಯನ್ನು ಹೊತ್ತು ವೇದಿಕೆ ಹತ್ತಿ, ಅದನ್ನು ಮೇಜಿನ ಮೇಲಿಟ್ಟು, ತಲೆಯ ಮೇಲಿನ ಸೆರಗು ಸರಿಮಾಡಿ ಮೈಕಿನಿಂದ ಒಂದು ಮಾರು ದೂರವೇ ನಿಂತಳು.

"ದೀಪಾವಳಿ ಮುಂದ ನನ್ನ ತ್ವಾಟಕ್ಕ ರೋಗ ಬಂದಿತ್ತು. ನಮ್ಮ ಮಾವನಾರು ಬಳ್ಳಿ ಕೀಳಾಕ ಆಳ ಹೇಳಿದ್ರು. ಇವರು ಕೀಳಬ್ಯಾಡ್ರಿ, ಹಿಂಗ ಮಾಡ್ರಿ ಅಂದ್ರು. ಹಂಗ ಮಾಡಿದ್ನಿ. ಆ ಹಣ್ಣ ಇವು. ಈಗ ಅವರು ಮಾತಾಡ್ತಾರ, ಕೇಳ್ರಿ."

ಅಷ್ಟು ಹೇಳಿ ಇಳಿದು ಹೆಂಗಸರ ಸಾಲಿನಲ್ಲಿ ಹೋಗಿ ಕೂತುಬಿಟ್ಟಳು. ಚಪ್ಪಾಳೆ ತಟ್ಟಬೇಕೆಂಬುದು ಜನರಿಗೆ ಹೊಳೆಯಲೇ ಇಲ್ಲ. ಎಲ್ಲರೂ ಆ ಬುಟ್ಟಿಯನ್ನು ನೋಡಿದರು, ಆಮೇಲೆ ಡಾಕ್ಟರನ್ನು ನೋಡಿದರು. ಡಾಕ್ಟರು ಎದ್ದು ಬಂದು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನಂತರ ಸಭಿಕರಿಗೆ ವಂದನೆಯನ್ನೂ ಹೇಳದೆ ನೇರ ಬಳ್ಳಿಯ ಬೇರಿಗೆ ಇಳಿದರು. ಒಂದೂವರೆ ತಾಸು ಮಾತಾಡಿದರು. ನಡುವೆ ಎದ್ದುಹೋದವರಿಲ್ಲ. ರೈತರು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಪ್ರಶ್ನೆ ಕೇಳಿದರು.

ಮುಗಿದ ಮೇಲೆ ಹೆಡ್‌ಮಾಸ್ತರು ನನ್ನ ಕಡೆ ತಿರುಗಿ ವಂದನಾರ್ಪಣೆ ಮಾಡಿರೆಂದರು. ವಿಜ್ಞಾನದ ಮಾಸ್ತರು ಅಂದು ರಜೆಯಲ್ಲಿದ್ದರು. ನಾನು ಮೈಕಿನ ಮುಂದೆ ನಿಂತೆ. ಅಭ್ಯಾಸಬಲದಿಂದ ಎದೆ ತುಂಬ ಉಸಿರು ಬಂತು. ಎದುರಿಗೆ ಕಾಶವ್ವ ಕೂತು ನನ್ನನ್ನೇ ನೋಡುತ್ತಿದ್ದಳು.

"ಡಾಕ್ಟರಿಗೂ ನಿಮಗೂ ನಮಸ್ಕಾರ" ಎಂದೆ. "ದ್ರಾಕ್ಷಿ ಬುಟ್ಟಿಯಲ್ಲಿವೆ. ತಗೊಳ್ರಿ."

ಜನ ನಗುತ್ತ ಎದ್ದರು. ಆ ಗದ್ದಲದಲ್ಲಿ ಕಾಶವ್ವನ ಮಾವ ಪಕ್ಕದವನ ತೋಳು ಹಿಡಿದು, ಕಿವಿ ಮಂದದವರ ದೊಡ್ಡ ದನಿಯಲ್ಲಿ ಇಡೀ ಸಭೆಗೆ ಕೇಳುವಂತೆ ವಿಚಾರಿಸಿದ:

"ಈ ಮಾಸ್ತರ ಯಾವನಪಾ? ಬಾಳ ಚಲೋ ಮಾತಾಡ್ತಾನ."